ಅಕ್ಕ ನಮ್ಮ ಮನೆಯ ಅಳತೆ ತೆಗೆದದ್ದು

ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಮನೆಗೆ ಹೊಸದಾಗಿ ಬಂದವರು ಕೈಕಾಲು ತೊಳೆಯಲು ಬಚ್ಚಲಿಗೆ ಹೋದರೆ ಬೇಗ ಹೊರಗೆ ಬರುವುದಿಲ್ಲ. ಬಂದ ಮೇಲೂ ಒಂದು ಥರ ನಮ್ಮ ಮುಖ ನೋಡುತ್ತಾರೆ. ಮೊನ್ನೆ ನನ್ನ ಜೊತೆ ಪಾಠ ಮಾಡುತ್ತಿದ್ದ ಹಳೆಯ ಸ್ನೇಹಿತರೊಬ್ಬರು ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತಾ, ಸಿಟಿ ಬಸ್ಸಿನಲ್ಲೂ ಇಷ್ಟು ಕಂಬಿಗಳಿಲ್ಲವಲ್ಲ ಮಾರಾಯರೇ ಎಂದರು. ನನಗೆ ಬೇಜಾರಾಗಲಿಲ್ಲ, ಖುಷಿಯಾಯಿತು. ಅವರನ್ನು ಮತ್ತೆ ಒಳಗೆ ಕರೆದುಕೊಂಡು ಹೋಗಿ ಒಂದೊಂದು ಕಂಬಿಯನ್ನೂ ಹಿಡಿಸಿ, ಎಳೆಸಿ, ಒಂದಕ್ಕೆ ಜೋತುಬೀಳಲೂ ಹೇಳಿದೆ. ಕಾಫಿ ಆರಿಹೋಯಿತು. ಬೇರೆಯವರು ಬಂದವರಿಗೆ ದೇವರ ಮನೆ ತೋರಿಸುತ್ತಾರೆ, ನೀವು ಬಚ್ಚಲು ತೋರಿಸುತ್ತೀರಿ ಎನ್ನುವುದು ನನ್ನ ಹೆಂಡತಿ ಭಾಗ್ಯಳ ದೂರು. ದೂರು ನಿಜ. ಈ ಬಚ್ಚಲ ವಿಷಯ ಶುರುವಾದರೆ ನನಗೆ ನಿಲ್ಲಿಸಲು ಬರುವುದಿಲ್ಲ. ನೀವೂ ಒಂದು ಗಳಿಗೆ ಕೂತುಕೊಳ್ಳಿ.

ಮೊದಲು ನನ್ನ ಅಕ್ಕನ ಬಗ್ಗೆ ಹೇಳಬೇಕು. ಹೆಸರು ಗೌರಮ್ಮ, ನಮಗೆಲ್ಲ ಗೌರಕ್ಕ. ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು. ನಾನು ನಾಲ್ಕು ವರ್ಷದವನಿದ್ದಾಗ ಅಮ್ಮ ತೀರಿಕೊಂಡಳು. ಆಮೇಲೆ ಗುಬ್ಬಿಯ ಆ ಎರಡಂಕಣದ ಮನೆಯಲ್ಲಿ ನನಗೆ ಊಟ ಹಾಕಿದ್ದು, ತಲೆ ಬಾಚಿದ್ದು, ಮಗ್ಗಿ ತಪ್ಪಿದಾಗ ಬೆನ್ನಿಗೆ ಗುದ್ದಿದ್ದು ಎಲ್ಲಾ ಅವಳೇ. ಮಹಿಳಾ ಮಂಡಳಿಯಲ್ಲಿ ಹೊಲಿಗೆ ಕಲಿತು, ಕಾಲಲ್ಲಿ ತುಳಿಯುವ ಮಿಷನ್ನು ಹಜಾರದಲ್ಲಿ ಹಾಕಿಕೊಂಡು ಐವತ್ತು ವರ್ಷ ಆ ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿದಳು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರ ರವಿಕೆ ಮಾತ್ರ ಹೇಳಿದ ದಿನಕ್ಕೆ ಸಿಗುತ್ತಿರಲಿಲ್ಲ.

ನನ್ನ ಅಂಗಿಗಳನ್ನೂ ಅವಳೇ ಹೊಲಿಯುತ್ತಿದ್ದಳು. ಬೆಳೆಯೋ ಹುಡುಗ ಎಂದು ಎರಡು ವರ್ಷ ಮುಂದಿನ ಅಳತೆಗೆ ಕತ್ತರಿಸುತ್ತಿದ್ದಳು. ಹೊಸ ಅಂಗಿ ಮೊಣಕಾಲಿಗೆ ಬರುತ್ತಿತ್ತು, ಚಡ್ಡಿ ಹಾಕಿದ್ದೀನೋ ಇಲ್ಲವೋ ಎಂದು ಮಾಸ್ತರರು ಎತ್ತಿ ನೋಡುತ್ತಿದ್ದರು. ಅದು ಸರಿಯಾಗಿ ಮೈಗೆ ಕೂರುವ ಹೊತ್ತಿಗೆ ಮೊಣಕೈಯಲ್ಲಿ ಸವೆದು ಪಿಸಿದಿರುತ್ತಿತ್ತು. ಆದರೆ ಬೇರೆಯವರ ಬಟ್ಟೆಯಲ್ಲಿ ಅವಳ ಅಳತೆ ಕಾಲಂಗುಲ ತಪ್ಪಿದ್ದಿಲ್ಲ. ಬಾಗಿಲಲ್ಲಿ ನಿಂತವರನ್ನು ಒಮ್ಮೆ ನೋಡಿದರೆ ಸಾಕು, ಟೇಪು ಹಿಡಿಯುವ ಮೊದಲೇ ಅವರ ಸುತ್ತಳತೆ ಅವಳ ಬಾಯಲ್ಲಿರುತ್ತಿತ್ತು. ಕೆಲವರಿಗೆ ಅದು ಇಷ್ಟವಾಗುತ್ತಿರಲಿಲ್ಲ.

ಇನ್ನು ನನ್ನ ಪ್ರತಾಪ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟ ನಾನು ಹನ್ನೆರಡು ವರ್ಷದ ಹಿಂದೆ ತುಮಕೂರಿನಲ್ಲಿ ಈ ಮನೆ ಕಟ್ಟಿಸಿದೆ. ಟೈಲ್ಸ್ ಅಂಗಡಿಯಲ್ಲಿ ನಾನು ಕೇಳಿದ್ದು ಒಂದೇ: ಬಗ್ಗಿದರೆ ಮುಖ ಕಾಣುವಂಥದ್ದು ಕೊಡಿ. ಕೊಟ್ಟರು. ಗೃಹಪ್ರವೇಶದ ದಿನ ಎಲ್ಲರೂ ನೆಲ ನೋಡಿ ಹೊಗಳಿದರು. ಅಕ್ಕ ಮಾತ್ರ ಬರಿಗಾಲಲ್ಲಿ ನಾಲ್ಕು ಹೆಜ್ಜೆ ಹೋಗಿ ನಿಂತು, 'ಚೆನ್ನಾಗೈತೆ ಕಣೋ. ಕಾಲಿಗೆ ಹಿಡಿತ ಇಲ್ಲ' ಎಂದಳು. ಸಗಣಿ ಸಾರಿಸಿದ ನೆಲದವರಿಗೆ ಇದೆಲ್ಲಿ ಗೊತ್ತಾಗಬೇಕು ಎಂದು ನಾನು ನಕ್ಕಿದ್ದೆ. ಆ ನಗು ಈಗಲೂ ನೆನಪಾಗಿ ಕಿವಿ ಬಿಸಿಯಾಗುತ್ತದೆ.

ಕಳೆದ ವರ್ಷ ಯುಗಾದಿಗೆ ಅಕ್ಕ ನಮ್ಮಲ್ಲಿಗೆ ಬಂದಳು. ಹಬ್ಬದ ಎಣ್ಣೆನೀರು ಹಾಕಿಕೊಂಡು ಬಚ್ಚಲಿಂದ ಹೊರಗೆ ಕಾಲಿಟ್ಟಳು. ಬಾಗಿಲ ಮುಂದೆ ಒಂದು ಚಂದದ ಕಾಲೊರಸು ಹಾಸಿದ್ದೆವು. ಅದು ಜಾರಿತು. ಅವಳು ಕೈ ಚಾಚಿದ ಕಡೆ ಹಿಡಿದುಕೊಳ್ಳಲು ನುಣ್ಣನೆಯ ಗೋಡೆ ಬಿಟ್ಟರೆ ಏನೂ ಇರಲಿಲ್ಲ. ನಾನು ಓಡಿ ಬಂದಾಗ ನೆಲದ ಮೇಲೆ ಬಿದ್ದಿದ್ದ ಅವಳ ಮುಖ ಆ ಟೈಲ್ಸಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು.

ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು. ಎರಡು ತಿಂಗಳಲ್ಲಿ ವಾಕರ್ ಹಿಡಿದು ನಡೆಯತೊಡಗಿದಳು. ಮೂಳೆ ಚೆನ್ನಾಗಿ ಕೂಡಿದೆ ಎಂದು ಡಾಕ್ಟರು ಹೇಳಿದರು. ನಾವು ನಿರಾಳವಾದೆವು. ಆದರೆ ಅಕ್ಕ ದಿನದಿಂದ ದಿನಕ್ಕೆ ಬಾಡುತ್ತಿದ್ದಳು. ತುಟಿ ಒಣಗಿರುತ್ತಿತ್ತು, ಕೂತಲ್ಲೇ ತಲೆ ಸುತ್ತುತ್ತಿತ್ತು. ಒಂದು ಸಂಜೆ ಜ್ವರ ಬಂತು. ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋದರೆ, ಮೂತ್ರದಲ್ಲಿ ಸೋಂಕಾಗಿದೆ, ನೀರೇ ಕುಡಿಯುತ್ತಿಲ್ಲವೇ ಎಂದು ಕೇಳಿದರು.

ಕಾರಣ ಪತ್ತೆ ಮಾಡಿದವಳು ಭಾಗ್ಯ. ಬೆಳಿಗ್ಗೆ ಅವಳು ತುಂಬಿಸಿಟ್ಟ ಚೊಂಬು ಸಂಜೆಗೂ ತುಂಬಿಯೇ ಇರುತ್ತಿತ್ತು. ಆಗಾಗ ಅರ್ಧವಾಗಿದ್ದರೆ ಅದು ಕಿಟಕಿಯಲ್ಲಿದ್ದ ತುಳಸಿ ಕುಂಡಕ್ಕೆ ಹೋಗಿರುತ್ತಿತ್ತು. ನೀರು ಕುಡಿದರೆ ಬಚ್ಚಲಿಗೆ ಹೋಗಬೇಕು, ಹೋಗಬೇಕಾದರೆ ಯಾರಾದರೂ ಹಿಡಿದುಕೊಳ್ಳಬೇಕು. ಅಕ್ಕ ಯಾರನ್ನೂ ಕರೆಯಲು ಇಷ್ಟಪಡದೆ ಬಾಯಾರಿಕೆಯನ್ನೇ ತಡೆದುಕೊಂಡಿದ್ದಳು. ನಾನು ಬೈದೆ. ಅವಳು ಹೇಳಿದಳು:

'ಊರೋರ ಮೈಯೆಲ್ಲಾ ನಾನು ಅಳತೆ ತಗೊಂಡಿದೀನಿ ಪುಟ್ಟು. ಯಾರನ್ನೂ ನಾಚಿಸಿದ್ದಿಲ್ಲ. ಈಗ ನನ್ನ ಸೀರೆ ಬೇರೆಯೋರು ಎತ್ತಬೇಕು ಅಂದ್ರೆ ಹೆಂಗೋ? ನನ್ನ ಗುಬ್ಬಿಗೆ ಬಿಟ್ಬುಡು.'

ಅರವತ್ತೆರಡು ವರ್ಷದ ನನ್ನನ್ನು ಪುಟ್ಟು ಎಂದು ಕರೆಯುವವರು ಈಗ ಅವಳೊಬ್ಬಳೇ ಉಳಿದಿರುವುದು. ಗುಬ್ಬಿಯ ಮನೆಯಲ್ಲಿ ಬಚ್ಚಲು ಹಿತ್ತಲಿನಲ್ಲಿದೆ, ಪಾಚಿ ಕಟ್ಟಿದ ಚಪ್ಪಡಿ. ಅಲ್ಲಿಗೆ ಕಳಿಸುವ ಮಾತೇ ಇರಲಿಲ್ಲ. ಹಾಗಾದರೆ ಈ ಮನೆಯನ್ನೇ ಸರಿಮಾಡುತ್ತೇನೆ ಎಂದು ಎದ್ದೆ.

ಎದ್ದವನು ಮಾಡಿದ ಅವಾಂತರ ಕೇಳಿ. ಮಾರನೆಯ ದಿನವೇ ಪೇಟೆಗೆ ಹೋಗಿ ಸಿಕ್ಕಿದ್ದೆಲ್ಲ ತಂದೆ. ಗೋಡೆಗೆ ಒತ್ತಿದರೆ ಅಂಟಿಕೊಳ್ಳುವ ಪ್ಲಾಸ್ಟಿಕ್ ಹಿಡಿ ತಂದೆ. ಅದನ್ನು ಭಾಗ್ಯ ಹಿಡಿದು ಎಳೆದಳು, ಹಿಡಿಯ ಸಮೇತ ಹಿಂದಕ್ಕೆ ಬಂದಳು. ರಬ್ಬರ್ ಮ್ಯಾಟು ತಂದೆ. ಎರಡು ದಿನದಲ್ಲಿ ಅದರ ಅಂಚು ಮಡಚಿಕೊಂಡು, ಆರೋಗ್ಯವಂತನಾದ ನಾನೇ ಅದಕ್ಕೆ ಎಡವಿದೆ. ಅಕ್ಕನ ಮಂಚದ ಹತ್ತಿರ ಒತ್ತುವ ವೈರಿಲ್ಲದ ಕಾಲಿಂಗ್ ಬೆಲ್ ತಂದೆ. ಪಕ್ಕದ ಮನೆಯಲ್ಲೂ ಅದೇ ಬೆಲ್ ಇತ್ತಂತೆ. ಅಕ್ಕ ಒತ್ತಿದಾಗಲೆಲ್ಲ ಪಕ್ಕದ ಮನೆಯವರು ಬಾಗಿಲು ತೆಗೆದು ನೋಡುವುದು, ಅವರ ಮನೆಗೆ ಹಾಲಿನವನು ಬಂದಾಗಲೆಲ್ಲ ನಾನು ಅಕ್ಕನ ಕೋಣೆಗೆ ಓಡುವುದು ಒಂದು ವಾರ ನಡೆಯಿತು. ಕೊನೆಗೆ ಸ್ಟೀಲಿನ ಎರಡು ಟವೆಲ್ ಕಂಬಿಗಳನ್ನು ಬಚ್ಚಲ ಗೋಡೆಗೆ ಬಿಗಿಸಿ, ಅಕ್ಕನನ್ನು ಕರೆದುಕೊಂಡು ಹೋಗಿ ತೋರಿಸಿದೆ. ನಾಲ್ಕಡಿ ಎಂಟಂಗುಲದ ಅಕ್ಕ ಕೈ ಮೇಲೆತ್ತಿ ಒಂದನ್ನು ಹಿಡಿದುಕೊಂಡು, ತರಗತಿಯಲ್ಲಿ ಪ್ರಶ್ನೆಗೆ ಕೈಯೆತ್ತಿದ ಹುಡುಗಿಯ ಹಾಗೆ ನಿಂತಳು.

'ಇದು ಯಾರಿಗೆ ಹಾಕ್ಸಿರೋದು, ನಿನಗಾ ನನಗಾ?' ಎಂದು ಕೇಳಿದಳು.

ನಾನು ನನ್ನ ಕೈಗೆ ಹಿತವಾದ ಎತ್ತರಕ್ಕೆ ಬಿಗಿಸಿದ್ದೆ. ಮೂವತ್ತು ವರ್ಷ ಉದ್ದ ಅಗಲ ಎತ್ತರ ಹೇಳಿಕೊಟ್ಟವನಿಗೆ ಒಮ್ಮೆಯೂ ಅಕ್ಕನ ಎತ್ತರ ನೋಡಬೇಕು ಎನಿಸಿರಲಿಲ್ಲ.

ಅಕ್ಕ ವಾಕರ್ ತಳ್ಳಿಕೊಂಡು ಕೋಣೆಗೆ ಹೋದಳು. ಮುನಿಸಿಕೊಂಡಳೇನೋ ಎಂದುಕೊಂಡೆ. ತಿರುಗಿ ಬಂದಾಗ ಕೊರಳಲ್ಲಿ ಹೊಲಿಗೆಯ ಟೇಪು ಇತ್ತು. ಬಿದ್ದ ದಿನದಿಂದ ಅವಳು ಅದನ್ನು ಮುಟ್ಟಿರಲಿಲ್ಲ. ಬರೆದುಕೊಳ್ಳಲು ಒಂದು ನೋಟ್ ಬುಕ್ಕು ತಗೊಂಬಾ ಎಂದಳು. ಅಪ್ಪಣೆ ಮಾಡುವ ಆ ಧ್ವನಿ ಕೇಳಿ ಎಷ್ಟು ತಿಂಗಳಾಗಿತ್ತೋ. ಭಾಗ್ಯ ಒಲೆಯ ಮೇಲೆ ಇಟ್ಟಿದ್ದನ್ನು ಇಳಿಸಿ ಓಡಿ ಬಂದಳು.

ಆವತ್ತು ಇಡೀ ಮಧ್ಯಾಹ್ನ ಅಕ್ಕ ಅಳೆದಳು. ಕುರ್ಚಿಯಲ್ಲಿ ಕೂತು ಪಾದ ಪೂರ್ತಿ ಊರಿ ಮೊಣಕಾಲಿಂದ ನೆಲಕ್ಕೆ ಎಷ್ಟು. ಕಮೋಡು ಅದಕ್ಕಿಂತ ತಗ್ಗಿದ್ದರೆ ಏಳುವಾಗ ಸೊಂಟ ಹಿಡಿಯುತ್ತದೆ. ನಿಂತಾಗ ಮೊಣಕೈ ಸ್ವಲ್ಪ ಬಾಗಿದಂತೆ ಅಂಗೈ ಎಲ್ಲಿಗೆ ಬರುತ್ತದೆ, ಕಂಬಿ ಅಲ್ಲಿರಬೇಕು. ಮುಷ್ಟಿ ಮಡಚಿದರೆ ಒಳಗೆ ಎಷ್ಟು ಜಾಗ. ವಾಕರಿನ ಅಗಲ ಎಷ್ಟು, ಬಾಗಿಲಿನ ಅಗಲ ಎಷ್ಟು. ನಾನು ಬರೆದುಕೊಂಡೆ. ಬಚ್ಚಲ ಬಾಗಿಲು ಒಳಕ್ಕೆ ತೆರೆಯುತ್ತಿತ್ತು. 'ನಾನು ಒಳಗೆ ಬಾಗಿಲಿಗೆ ಅಡ್ಡ ಬಿದ್ರೆ ನೀವು ಹೆಂಗ್ ಬರ್ತೀರ?' ಎಂದು ಅವಳು ಕೇಳಿದಾಗ, ಇಷ್ಟು ವರ್ಷ ಇದು ನಮಗೆ ಹೊಳೆದೇ ಇರಲಿಲ್ಲವಲ್ಲ ಎಂದಳು ಭಾಗ್ಯ. ಬಚ್ಚಲಿಗೆ ಇಳಿಯುವಲ್ಲಿ ಒಂದು ಮೆಟ್ಟಿಲಿತ್ತು, ನೆಲದ್ದೇ ಬಣ್ಣ. ಅದರ ಅಂಚಿಗೆ ಕಡುಬಣ್ಣದ ಪಟ್ಟಿ ಬೇಕೆಂದಳು. ರವಿಕೆಯ ತೋಳಿನ ಅಂಚಿಗೆ ಬೇರೆ ಬಣ್ಣದ ಪೈಪಿಂಗ್ ಪಟ್ಟಿ ಕೊಡುವುದು ಯಾಕೆ, ಬಟ್ಟೆ ಎಲ್ಲಿ ಮುಗಿಯಿತು ಅಂತ ಕಣ್ಣಿಗೆ ತಿಳಿಯಲಿ ಅಂತ ತಾನೆ ಎಂದು ಕೇಳಿದಳು. ನನ್ನ ಮುಖಕನ್ನಡಿಯ ಟೈಲ್ಸ್ ಮಾತ್ರ ಪೂರ್ತಿ ಹೋಗಬೇಕು ಎಂದು ತೀರ್ಪಾಯಿತು. ಅದನ್ನೂ ಬರೆದುಕೊಂಡೆ.

ಕಂಬಿಗಳಿಗಾಗಿ ಇಲ್ಲೇ ಹತ್ತಿರದ ಸತ್ಯಮಂಗಲದಲ್ಲಿ ಗೇಟು, ಕಿಟಕಿ ಸರಳು ಮಾಡುವ ನಿಸಾರ್ ಎಂಬವರ ವರ್ಕ್‌ಶಾಪಿಗೆ ಹೋದೆ. ನಿಸಾರ್ ನಲವತ್ತೈದರ ಆಸುಪಾಸಿನವರು, ನಿಧಾನದ ಮನುಷ್ಯ. ಗೇಟಿಗೆ ಹಾಕುವ ದಪ್ಪ ಪೈಪಿನಲ್ಲೇ ಒಂದು ಮಾದರಿ ಮಾಡಿಕೊಂಡು ಮನೆಗೆ ಬಂದರು. ಅಕ್ಕ ಹಿಡಿದು ನೋಡಿ, ಬೆರಳು ಕೂಡುತ್ತಿಲ್ಲ, ಇದನ್ನ ಹಿಡಿಯೋದಲ್ಲ ತಬ್ಕೋಬೇಕು ಎಂದಳು. ಅವರು ತೆಳ್ಳಗಿನದು ತಂದರು. ಪಾಲಿಶ್ ಜಾಸ್ತಿಯಾಯಿತು, ಸೋಪಿನ ಕೈಗೆ ಜಾರುತ್ತದೆ ಎಂದಳು. ಮೂರನೆಯ ಸಲ ನಿಸಾರ್ ತರಿತರಿ ಮಾಡಿದ ಪೈಪು ತಂದಾಗ, ಅಕ್ಕ ಕಣ್ಣು ಮುಚ್ಚಿಕೊಂಡು ಅದರ ಉದ್ದಕ್ಕೂ ಕೈಯಾಡಿಸಿ ತಲೆಯಾಡಿಸಿದಳು. ಒಳ್ಳೆಯ ಬಟ್ಟೆಯನ್ನು ಅವಳು ನೋಡುತ್ತಿದ್ದುದೂ ಹಾಗೆಯೇ.

ಗೋಡೆಗೆ ಬಿಗಿಸಿದ ದಿನ ನಿಸಾರ್ ತಾವೇ ಕಂಬಿಗೆ ಜೋತುಬಿದ್ದು ಕಾಲು ಮೇಲೆತ್ತಿದರು. ಕಂಬಿ ಅಲ್ಲಾಡಲಿಲ್ಲ. ಅಕ್ಕನಿಗೆ ಅದು ಸಾಲಲಿಲ್ಲ, ಅವರು ಕಡ್ಡಿ ಹಾಗಿದ್ದಾರೆ, ನೀನು ಜೋತುಬೀಳು ಎಂದಳು. ನಾನು ಎಂಬತ್ತಾರು ಕೆಜಿ. ಬಚ್ಚಲ ಬಾಗಿಲಲ್ಲಿ ಹೆಂಡತಿ, ಅಕ್ಕ, ನಿಸಾರ್ ನಿಂತು ನೋಡುತ್ತಿರುವಾಗ ನಿವೃತ್ತ ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಜೋತುಬಿದ್ದದ್ದಾಯಿತು. ಕಂಬಿ ಗೆದ್ದಿತು. ನಿಸಾರ್ ಹೋಗುವಾಗ, ತಮ್ಮ ಮನೆಯಲ್ಲೂ ಅಮ್ಮ ಇದ್ದಾರೆ, ಅವರ ಅಳತೆ ಹೇಗೆ ತೆಗೆಯಬೇಕು ಎಂದು ಅಕ್ಕನ ಹತ್ತಿರ ಕೇಳಿ ಬರೆಸಿಕೊಂಡು ಹೋದರು.

ಹದಿನೈದು ದಿನ ಮನೆಯೆಲ್ಲ ಸಿಮೆಂಟು, ಧೂಳು. ನಾವು ಹಜಾರದಲ್ಲೇ ಅಡಿಗೆ ಮಾಡಿ ಅಲ್ಲೇ ಮಲಗಿದೆವು. ನನಗೆ ಮನೆ ಕಟ್ಟಿಸಿದಾಗಲೂ ಇಷ್ಟು ಹುರುಪಿರಲಿಲ್ಲ. ಬೆಳಿಗ್ಗೆ ಎದ್ದರೆ ಕೆಲಸದವರು ಯಾವಾಗ ಬರುತ್ತಾರೋ ಎಂದು ಗೇಟಿನಲ್ಲಿ ನಿಂತಿರುತ್ತಿದ್ದೆ. ತರಿಯಾದ ಹೊಸ ಟೈಲ್ಸ್ ಬಂತು. ಮೆಟ್ಟಿಲಿಗೆ ಕೆಂಪು ಪಟ್ಟಿ ಬಂತು. ಬಾಗಿಲು ಹೊರಕ್ಕೆ ತೆರೆಯುವಂತಾಯಿತು, ಹೊರಗಿನಿಂದಲೂ ತೆಗೆಯಬಹುದಾದ ಚಿಲಕ ಬಂತು. ಕೂತು ಸ್ನಾನ ಮಾಡಲು ಕಾಲಿಗೆ ರಬ್ಬರಿರುವ ಸ್ಟೂಲು, ಕೈಯಲ್ಲಿ ಹಿಡಿದು ಸುರಿದುಕೊಳ್ಳುವ ಶವರ್. ಮಂಚದಿಂದ ಬಚ್ಚಲವರೆಗೆ ಹಿಡಿದುಕೊಂಡೇ ಹೋಗಬಹುದಾದ ಕಂಬಿಯ ಸಾಲು.

ಒಂದು ಸೋಮವಾರ ಬೆಳಿಗ್ಗೆ ಅಕ್ಕ ಒಬ್ಬಳೇ ಸ್ನಾನಕ್ಕೆ ಹೋದಳು. ಯಾರೂ ಹಿಂದೆ ಬರಕೂಡದು ಎಂದು ಹೇಳಿದ್ದಳು. ನಾನು ಪೇಪರ್ ಹಿಡಿದುಕೊಂಡು ಬಾಗಿಲ ಹತ್ತಿರವೇ ಕುರ್ಚಿ ಹಾಕಿಕೊಂಡೆ. ಒಂದಕ್ಷರ ಓದಲಿಲ್ಲ. ನೀರಿನ ಸದ್ದು ಬಂತು. ನಿಂತಿತು. ಮತ್ತೆ ಬಂತು. ನಿಂತಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ನಾನು ಎದ್ದೆ. ಭಾಗ್ಯ ನನ್ನ ಅಂಗಿ ಹಿಡಿದು ಕೂರಿಸಿದಳು. ಇನ್ನು ತಡೆಯಲಾರೆ ಎಂದು ಚಿಲಕಕ್ಕೆ ಕೈ ಹಾಕುವಷ್ಟರಲ್ಲಿ ಒಳಗಿಂದ ಧ್ವನಿ ಬಂತು:

'ಅಲ್ಲೇ ನಿಂತಿದೀಯ ಅಂತ ಗೊತ್ತು ಕಣೋ. ಸೀರೆ ನೆರಿಗೆ ಹಾಕ್ಕೊಂತಿದೀನಿ. ಕಾಫಿ ಇಡೋಕೆ ಹೇಳು.'

ಬಾಗಿಲು ಹೊರಕ್ಕೆ ತೆರೆಯಿತು. ಒದ್ದೆ ಕೂದಲು, ಹಣೆಯಲ್ಲಿ ಅವಳೇ ಇಟ್ಟುಕೊಂಡ ಕುಂಕುಮ. ಕೆಂಪು ಪಟ್ಟಿ ನೋಡಿ ಕಾಲೆತ್ತಿಟ್ಟು ಮೇಲೆ ಬಂದಳು. ಕೂತವಳೇ ಒಂದು ಚೊಂಬು ನೀರನ್ನು ಗಟಗಟ ಕುಡಿದಳು. ಭಾಗ್ಯ ಅಡುಗೆಮನೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಬೀದಿಯವರಿಗೆಲ್ಲ ಹೇಳಿ ಬಂದೆ. ಎಪ್ಪತ್ತನಾಲ್ಕು ವರ್ಷದವರು ಸ್ನಾನ ಮಾಡಿದ್ದು ಅಂಥ ದೊಡ್ಡ ಸುದ್ದಿಯೇ ಎಂದು ಅವರಿಗೆ ಅನಿಸಿರಬೇಕು.

ಆ ಸಂತೋಷ ಹಂಚಿಕೊಳ್ಳಲು ಅಕ್ಕ ಕುಣಿಗಲ್ಲಿಗೆ ಫೋನು ಮಾಡಿದಳು. ಅಲ್ಲಿ ಅವಳ ಗೆಳತಿ ಜಯಮ್ಮ ಇದ್ದಾರೆ. ಇಬ್ಬರೂ ಗುಬ್ಬಿಯಲ್ಲಿ ಒಂದೇ ಮಿಷನ್ನಿನ ಮೇಲೆ ಸರದಿ ಹಾಕಿಕೊಂಡು ಹೊಲಿಗೆ ಕಲಿತವರು. ಜಯಮ್ಮ ಮದುವೆಯಾಗಿ ಕುಣಿಗಲ್ಲಿಗೆ ಹೋದರು. ಮಗ, ಸೊಸೆ ಸವಿತ ಜೊತೆಯಲ್ಲೇ ಇದ್ದಾರೆ, ಚೆನ್ನಾಗಿ ನೋಡಿಕೊಳ್ಳುತ್ತಾರೆ. ಆದರೆ ಒಂದೂವರೆ ವರ್ಷದ ಹಿಂದೆ ಹಿತ್ತಲ ಮೆಟ್ಟಿಲಲ್ಲಿ ಮುಗ್ಗರಿಸಿದ ಮೇಲೆ ಜಯಮ್ಮ ನಡೆಯುವುದನ್ನೇ ಬಿಟ್ಟಿದ್ದರು. ಮೂಳೆಗೇನೂ ಆಗಿರಲಿಲ್ಲ, ಹೆದರಿಕೆ ಕೂತುಬಿಟ್ಟಿತ್ತು. ಫೋನು ಇಟ್ಟ ಅಕ್ಕ ನನ್ನ ಕಡೆ ತಿರುಗಿ, ಕಾರು ತೆಗಿ ಎಂದಳು.

ಹೆಬ್ಬೂರಿನಲ್ಲಿ ಎಳನೀರು ಕುಡಿಯಲು ನಿಲ್ಲಿಸಿದ್ದು ಬಿಟ್ಟರೆ ಅಕ್ಕ ದಾರಿಯುದ್ದಕ್ಕೂ ನೋಟ್ ಬುಕ್ಕು ನೋಡುತ್ತಿದ್ದಳು. ಎರಡು ಎಳನೀರು ಕುಡಿದಳು ಎನ್ನುವುದನ್ನು ಮಾತ್ರ ಹೇಳಲೇಬೇಕು.

ಜಯಮ್ಮ ಒಳಕೋಣೆಯ ಮಂಚದ ಮೇಲಿದ್ದರು. ಗೆಳತಿಯರಿಬ್ಬರೂ ಕೈ ಹಿಡಿದುಕೊಂಡು ಕೂತರು. ಅಕ್ಕ ಬಂದ ಕೆಲಸ ಹೇಳಿದಾಗ ಜಯಮ್ಮ ಮುಖ ತಿರುಗಿಸಿದರು.

'ನನಗ್ಯಾಕೆ ಗೌರಿ ಇದೆಲ್ಲ. ಇನ್ನೆಷ್ಟು ದಿನ.'

'ಎಷ್ಟು ದಿನ ಅಂತ ನಾನು ಕೇಳ್ಲಿಲ್ಲ. ಮೊಣಕಾಲಿಂದ ನೆಲಕ್ಕೆ ಎಷ್ಟು ಅಂತ ಕೇಳ್ದೆ. ಕಾಲು ಚಾಚು.'

ಜಯಮ್ಮ ಕಾಲು ಚಾಚಿದರು. ಅವರು ನಕ್ಕಿದ್ದನ್ನು ನೋಡಿ ಬಹಳ ದಿನವಾಗಿತ್ತು ಎಂದು ಸವಿತ ಆಮೇಲೆ ಹೇಳಿದಳು.

ಹಿತ್ತಲ ಮೂರು ಮೆಟ್ಟಿಲುಗಳನ್ನು ಎತ್ತರ ತಗ್ಗಿಸಿ ಆರು ಮಾಡುವುದು, ಎರಡೂ ಪಕ್ಕ ಕಂಬಿ ಹಾಕಿಸುವುದು ಸುಲಭವಾಗಿ ಒಪ್ಪಿಗೆಯಾಯಿತು. ತಕರಾರು ಬಂದದ್ದು ಮುಂಬಾಗಿಲ ಹೊಸಿಲಿಗೆ. ಅದು ಹಳೆಯ ಕಾಲದ್ದು, ಒಂದು ಗೇಣೆತ್ತರ. ದಿನವೂ ಅರಿಶಿನ ಕುಂಕುಮ ಇಡುವ ಜಾಗ, ಅದನ್ನು ಕಡಿಯಲು ತಾನು ಬಿಡುವುದಿಲ್ಲ ಎಂದು ಸವಿತ ಕಣ್ಣಲ್ಲಿ ನೀರು ತಂದುಕೊಂಡಳು. ಕಡಿಯುವುದಿಲ್ಲ ಎಂದು ಅಕ್ಕ ಸಮಾಧಾನ ಮಾಡಿದಳು. ಹೊಸಿಲಿನ ಒಳಗೂ ಹೊರಗೂ ಇಳಿಜಾರು ಹಲಗೆ ಕೂರಿಸಿ, ಎರಡರ ನಡುವೆ ಹೊಸಿಲು ಕಾಣುವಂತೆ ಬಿಟ್ಟರೆ ಪೂಜೆಗೂ ಅಡ್ಡಿಯಿಲ್ಲ, ದಾಟಲು ಎರಡು ಬೆರಳೆತ್ತರ ಮಾತ್ರ. ಸವಿತ ಅರ್ಧ ನಂಬಿಕೆಯಿಂದ ತಲೆಯಾಡಿಸಿದಳು. ನಿಸಾರ್ ಎರಡು ಸಲ ಕುಣಿಗಲ್ಲಿಗೆ ಹೋಗಿ ಬಂದರು.

ಎಲ್ಲಾ ಮುಗಿದ ಮೇಲೂ ಜಯಮ್ಮ ಏಳಲಿಲ್ಲ. ಹಿತ್ತಲವರೆಗೆ ಸೊಸೆಯ ಕೈ ಹಿಡಿದು ಹೋಗುತ್ತಿದ್ದರಂತೆ, ಅಷ್ಟೇ. ಮುಂಬಾಗಿಲ ಕಡೆ ನೋಡುತ್ತಲೂ ಇರಲಿಲ್ಲವಂತೆ. ಅಕ್ಕನಿಗೆ ಅದು ನುಂಗಲಾಗದ ಮಾತಾಯಿತು. ಒಂದು ಭಾನುವಾರ ಮತ್ತೆ ಹೋದೆವು. ನಾನು, ಜಯಮ್ಮನ ಮಗ ಹಿತ್ತಲಲ್ಲಿ ತೆಂಗಿನ ಗಿಡ ನೋಡುತ್ತಾ ನಿಂತೆವು. ಸವಿತ ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದಳು. ಗೆಳತಿಯರು ಒಳಕೋಣೆಯಲ್ಲಿ ಏನೋ ಪಿಸುಗುಡುತ್ತಿದ್ದರು. ಅಕ್ಕ ಏನು ಹೇಳಿದಳೋ ಗೊತ್ತಿಲ್ಲ, ಇವತ್ತಿಗೂ ನನಗೆ ಹೇಳಿಲ್ಲ.

ಒಂದೂವರೆ ವರ್ಷದ ರೂಢಿಯಂತೆ ಸವಿತ ಮುದ್ದೆ, ಸೊಪ್ಪಿನ ಸಾರು ತಟ್ಟೆಗೆ ಹಾಕಿಕೊಂಡು ಅತ್ತೆಯ ಮಂಚಕ್ಕೆ ತೆಗೆದುಕೊಂಡು ಹೋದಳು. ಮಂಚ ಖಾಲಿಯಿತ್ತು. ಅವಳು ಅತ್ತೆ ಎಂದು ಗಾಬರಿಯಿಂದ ಕೂಗಿದ್ದು ಕೇಳಿ ನಾವು ಒಳಗೆ ಓಡಿ ಬಂದೆವು. ಕೋಣೆಯಲ್ಲಿಲ್ಲ, ಹಜಾರದಲ್ಲಿಲ್ಲ. ತಟ್ಟೆ ಹಿಡಿದುಕೊಂಡೇ ಸವಿತ ನಡುಮನೆಯಲ್ಲಿ ನಿಂತುಬಿಟ್ಟಳು.

ಹೊರಗೆ ಜಗಲಿಯಿಂದ ಜಯಮ್ಮನ ಧ್ವನಿ ಬಂತು:

'ಸವಿತಾ, ಎದುರು ಮನೆಯೋರು ಯಾವಾಗ ಮಹಡಿ ಕಟ್ಸಿದ್ರು? ನನಗೆ ಒಂದ್ ಮಾತು ಹೇಳ್ಲೇ ಇಲ್ವಲ್ಲ ನೀವು.'

ಇಬ್ಬರೂ ಜಗಲಿಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಜಯಮ್ಮ ಬೀದಿಯನ್ನು ಆ ತುದಿಯಿಂದ ಈ ತುದಿಗೆ ನೋಡುತ್ತಿದ್ದರು, ಯಾರ ಗೇಟು ಬದಲಾಗಿದೆ, ಯಾರ ಮರ ಹೋಗಿದೆ ಎಂದು ಒಂದೊಂದಾಗಿ ಕೇಳುತ್ತಿದ್ದರು. ಸವಿತ ಬಾಗಿಲಲ್ಲಿ ನಿಂತು ಅತ್ತೆಯನ್ನೇ ನೋಡಿದಳು. ಆಮೇಲೆ ಹಲಗೆ ಇಳಿದು ಹೋಗಿ ತಟ್ಟೆಯನ್ನು ಅತ್ತೆಯ ಮಡಿಲಲ್ಲಿಟ್ಟಳು.